ಹತ್ತು ನಿಮಿಷದ ಗಾಳಿ

ಜನವರಿಯ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಬೇಕರಿಯಿಂದ ಬಿಸಿ ಬ್ರೆಡ್ಡಿನ ಚೀಲ ಹಿಡಿದು ಬಂದು ಹಿತ್ತಲ ಗೇಟು ತೆರೆದವನು ಅಲ್ಲೇ ನಿಂತುಬಿಟ್ಟೆ. ಗೋಡೆಯ ಮೇಲಿನ ಉಷ್ಣಮಾಪಕ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿತ್ತು. ಗಿಡಗಳನ್ನು ಬೆಚ್ಚಗಿಡಲು ಕಟ್ಟಿಸಿದ ನನ್ನ ಹೊಸ ಗಾಜಿನ ಮನೆಯ ಬಾಗಿಲು ಹಾರುಹೊಡೆದಿತ್ತು. ಚಾವಣಿಯ ಎರಡೂ ಕಿಟಕಿಗಳು ಆಕಾಶಕ್ಕೆ ಬಾಯಿ ತೆರೆದಿದ್ದವು. ಒಳಗಿನಿಂದ ನುಗ್ಗುತ್ತಿದ್ದ ಆವಿಯ ನಡುವೆ, ತುಪ್ಪಳದ ಟೋಪಿ ಹಾಕಿಕೊಂಡು, ನನ್ನ ಅತ್ತೆ ಹೆದ್ವಿಕಾ ಎರಡೂ ಕೈಯಲ್ಲಿ ಟವೆಲು ಹಿಡಿದು ನನ್ನ ಆರ್ಕಿಡ್‌ಗಳಿಗೆ ಗಾಳಿ ಬೀಸುತ್ತಿದ್ದರು.

"ಅತ್ತೇ! ಏನ್ ಮಾಡ್ತಿದ್ದೀರಿ?"

"ಕಾಣಲ್ವಾ ವಿಲೇಮ್? ಗಾಳಿಯಾಡಿಸ್ತಿದ್ದೀನಿ. ಗೋಡೆಯೆಲ್ಲಾ ಬಚ್ಚಲುಮನೆ ತರ ಬೆವರ್ತಿದೆ. ಹೀಗೇ ಬಿಟ್ರೆ ಬೂಷ್ಟು ಹಿಡಿಯುತ್ತೆ."

"ಅದು ಬೆವರ್ಲೇಬೇಕು! ಎಷ್ಟು ಹೊತ್ತಾಯ್ತು?"

"ಹತ್ತೇ ನಿಮಿಷ. ಅದಕ್ಕಿಂತ ಕಮ್ಮಿ ಮಾಡಿದ್ರೆ ಏನೂ ಪ್ರಯೋಜನ ಇಲ್ಲ."

"ಅಲಾರಂ ಹೊಡ್ಕೊಳ್ಲಿಲ್ವಾ?"

"ಹೊಡ್ಕೊಳ್ತು. ಶನಿವಾರ ಬೆಳಿಗ್ಗೆ ಅಕ್ಕಪಕ್ಕದವರ ನಿದ್ದೆ ಕೆಡುತ್ತಲ್ಲಾ ಅಂತ ವೈರು ಕಿತ್ತೆ."

ಬ್ರೆಡ್ಡಿನ ಚೀಲ ಹಿಮದ ಮೇಲೆ ಬಿತ್ತು. ಅತ್ತೆ ಅದನ್ನು ಎತ್ತಿಕೊಟ್ಟು, ಅನ್ನ ನೆಲಕ್ಕೆ ಹಾಕಬಾರದೆಂದು ಬುದ್ಧಿ ಹೇಳಿದರು.

ನಮ್ಮ ಮೊರಾವಿಯಾ ಪ್ರಾಂತ್ಯದಲ್ಲಿ ಮನೆಗೆ ಗಾಳಿಯಾಡಿಸುವುದು ಬಹುತೇಕ ಧರ್ಮ. ಹೊರಗೆ ಎಂಥ ಚಳಿಯಿರಲಿ, ಬೆಳಿಗ್ಗೆ ಕಿಟಕಿಗಳನ್ನು ತೆರೆದು, ಹೊದಿಕೆಗಳನ್ನು ಅವುಗಳ ಮೇಲೆ ನೇತುಹಾಕದ ಹೆಂಗಸಿನ ಬಗ್ಗೆ ಬೀದಿಯಲ್ಲಿ ಮಾತು ಹುಟ್ಟುತ್ತದೆ. ನನ್ನ ಹೆಂಡತಿ ಮಿಲಾದಾಳ ಬಗ್ಗೆ ಹನ್ನೊಂದು ಚಳಿಗಾಲದಿಂದ ಮಾತು ಹುಟ್ಟಿತ್ತು. ಕಿಟಕಿಗಳ ಹಲಗೆಯ ಮೇಲೆ ನನ್ನ ಅರವತ್ತಮೂರು ಆರ್ಕಿಡ್ ಕುಂಡಗಳು ಕೂತು, ಕಿಟಕಿ ತೆರೆಯಲು ಬಿಡದಿದ್ದುದೇ ಕಾರಣ.

"ಕ್ರಿಸ್‌ಮಸ್‌ಗೆ ಕರಿದ ಮೀನಿನ ವಾಸನೆ ಈಸ್ಟರ್ ತನಕ ಮನೇಲಿರುತ್ತೆ," ಎಂದಳು ಅವಳು ಹೋದ ವಸಂತದಲ್ಲಿ. "ಒಂದೋ ಅವು ಹೊರಗೆ ಹೋಗ್ಬೇಕು, ಇಲ್ಲಾ..."

"ಇಲ್ಲಾ?"

"ಹೊರಗೆ ಜಾಗ ಎಷ್ಟು ಬೇಕಾಗುತ್ತೆ ಅಂತ ಲೆಕ್ಕ ಹಾಕ್ತಿದ್ದೀನಿ. ನಿನ್ನನ್ನೂ ಸೇರಿಸಿ."

ಹೀಗೆ ಗಾಜಿನ ಮನೆಯ ಐತಿಹಾಸಿಕ ನಿರ್ಧಾರವಾಯಿತು. (ಗೋಡೆ ಪ್ಲಾಸ್ಟಿಕ್ಕಿನದು. ಆದರೆ ಪ್ಲಾಸ್ಟಿಕ್ಕಿನ ಮನೆ ಎಂದರೆ ನಮ್ಮ ಆರ್ಕಿಡ್ ಸಂಘದಲ್ಲಿ ಯಾರೂ ಮರ್ಯಾದೆ ಕೊಡುವುದಿಲ್ಲ. ನಾನು ಅದರ ಕಾರ್ಯದರ್ಶಿ.) ನಾಲ್ಕು ತಿಂಗಳು ಅಧ್ಯಯನ ನಡೆಸಿದೆ. ಅಪ್ಪಟ ಗಾಜು ಚೆಂದ, ಆದರೆ ಶಾಖ ಸೋರುತ್ತದೆ. ಒಂಟಿ ಪದರದ ಪ್ಲಾಸ್ಟಿಕ್ ಹಾಳೆ ಮೊದಲ ಹಿಮಕ್ಕೇ ಬಾಗುತ್ತದೆ. ಕಡೆಗೆ ಮೂರು ಪದರದ ಹಾಳೆ, ಇಟ್ಟಿಗೆಯ ಬುಡ, ತಾನೇ ಹತ್ತಿ ಆರುವ ವಿದ್ಯುತ್ ಹೀಟರು, ಕರೆಂಟು ಹೋದರೆ ಸೀಮೆಎಣ್ಣೆಯದು, ಶಾಖ ಇಳಿದರೆ ಕೂಗುವ ಅಲಾರಂ ಆಯ್ದೆ. ಅಂಗಡಿಯ ಕುಬಾಟ್ ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಬಾಗಿಲಿಗೆ ಬೀಗ ಬೇಕಾ ಸಾರ್?"

"ಯಾಕಪ್ಪಾ? ನಮ್ಮ ಬೀದೀಲಿ ಆರ್ಕಿಡ್ ಕದಿಯೋರು ಯಾರಿದ್ದಾರೆ?" ಎಂದು ನಕ್ಕೆ.

ಹಿಮ, ಗಾಳಿ, ಕರೆಂಟು, ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಮಹಡಿಯ ಕೋಣೆಯಲ್ಲಿರುವ ಅತ್ತೆಯನ್ನು ಬಿಟ್ಟಿದ್ದೆ.

ಸೋಮವಾರದ ಹೊತ್ತಿಗೆ ಎಲೆಗಳು ಬೇಯಿಸಿದ ಪಾಲಕಿನಂತೆ ಜೋತುಬಿದ್ದವು. ಅಷ್ಟೂ ಕುಂಡಗಳಲ್ಲಿ ಒಂಬತ್ತು ಉಳಿದವು, ಅವುಗಳಲ್ಲಿ ಒಂದರಲ್ಲೂ ಮೊಗ್ಗಿರಲಿಲ್ಲ. ಮಾರ್ಚ್ ಪ್ರದರ್ಶನದಲ್ಲಿ ನನ್ನ ಗಿಡದ ಹೂ ನೋಡುತ್ತೀರಿ ಎಂದು ಸಂಘದ ನಲವತ್ತು ಸದಸ್ಯರ ಮುಂದೆ ಎದ್ದು ನಿಂತು ಮಾತು ಕೊಟ್ಟಿದ್ದೆ. ಅಡುಗೆಮನೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತೆ. ಮಿಲಾದಾ ಸೂಪಿನ ತಟ್ಟೆ ಮುಂದಿಟ್ಟಳು.

"ಹೂ ತಾನೆ ಬೇಕು? ಅಮ್ಮಂದು ತಗೊಂಡು ಹೋಗು."

"ಅಮ್ಮಂದು ಯಾವುದು?"

"ಉಗ್ರಾಣದಲ್ಲಿದೆಯಲ್ಲಾ. ನೀನು ಆ ಕಡೆ ಯಾವತ್ತು ಕಾಲಿಟ್ಟಿದ್ದೀಯ?"

ಹೋಗಿ ನೋಡಿದೆ. ಹುಳಿ ಎಲೆಕೋಸಿನ ಭರಣಿಗೂ ಆಲೂಗಡ್ಡೆಯ ಪೆಟ್ಟಿಗೆಗೂ ನಡುವೆ, ಕಿಟಕಿಯ ಕೆಳಗೆ, ಒಂದು ಸಿಂಬಿಡಿಯಂ ಜಾತಿಯ ಆರ್ಕಿಡ್. ಎರಡು ದಂಟು, ಇಪ್ಪತ್ತೊಂದು ಮೊಗ್ಗು. ತುದಿಯಲ್ಲಿ ಒಂದು ಆಗಲೇ ಬಿರಿಯತೊಡಗಿತ್ತು. ಕುಂಡದ ಮೇಲೆ ನನ್ನದೇ ಅಕ್ಷರದಲ್ಲಿ "ಸೋಮಾರಿ" ಎಂದು ಬರೆದಿತ್ತು. ಏಳು ವರ್ಷ ಒಂದೂ ಹೂ ಬಿಡದ ಅದನ್ನು ಆಗಸ್ಟಿನಲ್ಲಿ ನಾನೇ ಗೊಬ್ಬರದ ಗುಂಡಿಗೆ ಎಸೆದಿದ್ದೆ. ಅತ್ತೆ ಎತ್ತಿ ತಂದು, ಮೊದಲ ಮಂಜು ಬೀಳುವವರೆಗೆ ಸೂರಿನ ಕೆಳಗಿಟ್ಟು, ಆಮೇಲೆ ಒಳಗಿಟ್ಟಿದ್ದರು.

ಈ ಬಾರಿ ಬೀಳಿಸಲು ಕೈಯಲ್ಲಿ ಏನೂ ಇರಲಿಲ್ಲ.

"ಅತ್ತೇ, ಇದಕ್ಕೆ ಏನು ಹಾಕಿದ್ರಿ?" ಎಂದು ಬಾಗಿಲಿಗೆ ಬಂದ ಅವರನ್ನು ಕೇಳಿದೆ.

"ಏನ್ ಹಾಕೋದು? ವಾರಕ್ಕೊಂದ್ಸಲ ನೀರು. ದಿನಾ ಬೆಳಿಗ್ಗೆ ಹತ್ತು ನಿಮಿಷ ಗಾಳಿ. ನಿನ್ನ ಅಡುಗೆಮನೆ ಸೆಖೆಗೆ ಉಸಿರು ಕಟ್ಟಿತ್ತು ಪಾಪ, ಹೂ ಎಲ್ಲಿಂದ ಬಿಡುತ್ತೆ?"

ಸಿಂಬಿಡಿಯಂಗೆ ಶರತ್ಕಾಲದ ತಂಪು ರಾತ್ರಿಗಳು ಬೇಕೆಂದು ಪುಸ್ತಕದಲ್ಲಿದೆ. ಆ ಪುಟದ ಅಂಚಿನಲ್ಲಿ ನನ್ನ ಪೆನ್ಸಿಲ್ ಗೆರೆಯೂ ಇದೆ.

ಪ್ರದರ್ಶನ ಮಾರ್ಚ್ ಹದಿನಾಲ್ಕಕ್ಕೆ. ನಿಯಮದಂತೆ ಪ್ರತಿ ಕುಂಡದ ಮುಂದೆ ಬೆಳೆಸಿದವರ ಹೆಸರಿನ ಚೀಟಿ ಇರಬೇಕು, ಅದನ್ನು ಕಾರ್ಯದರ್ಶಿಯೇ ಬರೆಯಬೇಕು. ಹೆದ್ವಿಕಾ ಎಂದು ಬರೆದಿದ್ದೇನೆ. ಗಾಜಿನ ಮನೆಯಲ್ಲಿ ಈಗ ಅತ್ತೆಯ ಮೆಣಸಿನಕಾಯಿ ಸಸಿಗಳಿವೆ. ಮೊನ್ನೆ ಕುಬಾಟ್ ಬಂದು ಬಾಗಿಲಿಗೆ ಬೀಗ ಕೂರಿಸಿ ಹೋದ. ಕೀಲಿ ಅತ್ತೆಯ ಹತ್ತಿರ ಇದೆ.