ತಾಮ್ರವೋ ಅಲ್ಯೂಮಿನಿಯಮ್ಮೋ

ರೇಡಿಯೇಟರಿನ ನೀರು ಸೋರಿರಬಹುದು, ರಬ್ಬರ್ ಪೈಪು ಬಿರಿದಿರಬಹುದು, ಫ್ಯಾನು ಸುಟ್ಟಿರಬಹುದು, ನೀರಿನ ಪಂಪು ಕೈಕೊಟ್ಟಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿ ಎಂಜಿನ್ನೇ ಕೈಲಾಸ ಸೇರಿರಬಹುದು. ಕಾರಿನ ಬಿಸಿಯ ಮುಳ್ಳು ಒಂದು ಗೆರೆ ಮೇಲೇರಿದರೆ ಇಷ್ಟೆಲ್ಲ ನನ್ನ ತಲೆಯಲ್ಲಿ ಒಟ್ಟಿಗೇ ಕುದಿಯುತ್ತದೆ. ಚಿಂತೆಗೆ ನನಗೆ ಕಾರಣ ಬೇಕಿಲ್ಲ, ಕಾರು ಇದ್ದರೆ ಸಾಕು.

ಹೆಂಡತಿಗೆ ಸುಲೇಪೇಟದ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಿತ್ತು. ಸೋಮವಾರ ಹತ್ತು ಗಂಟೆಯೊಳಗೆ ಹಾಜರಾಗಬೇಕು, ಅದೇ ಕಡೆಯ ದಿನ. “ಬಸ್ಸಿಗಿ ಹೋಗ್ತೀನ್ರಿ” ಎಂದಳು. “ಹೆಡ್ ಮೇಡಂ ಬಸ್ಸಿಗಿ ಬಂದ್ರ ಊರಾಗ ಏನ್ ಕಿಮ್ಮತ್ತು? ನಾನೇ ಬಿಡ್ತೀನಿ” ಎಂದು ಪಣ ತೊಟ್ಟೆ. ವಾರವಿಡೀ ಸಿದ್ಧತೆ ನಡೆಯಿತು. ರೇಡಿಯೇಟರ್ ಅಲ್ಯೂಮಿನಿಯಮ್ಮಿನದು ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ತಾಮ್ರದ ಹಂಡೆಯಲ್ಲಿ ನೀರು ಬೇಗ ಕಾಯುವುದನ್ನು ಕಂಡು ಬೆಳೆದವನು ನಾನು. ಬೇಗ ಕಾಯುವುದು ಬೇಗ ಆರಲೂಬೇಕಲ್ಲವೇ? ಅಲ್ಯೂಮಿನಿಯಮ್ ಎಂದರೆ ನನಗೆ ಹಾಸ್ಟೆಲಿನ ಸೊಟ್ಟ ತಟ್ಟೆ.

ಸೋಮವಾರ ಬೆಳಿಗ್ಗೆ ಚಿತ್ತಾಪುರದಿಂದ ಹೊರಟು ಕಾಳಗಿ ಮುಟ್ಟುವಷ್ಟರಲ್ಲಿ ಮುಳ್ಳು ಕೆಂಪಿಗೇರಿತು. ಬಸ್ ನಿಲ್ದಾಣದ ಎದುರಿನ ಗ್ಯಾರೇಜಿಗೆ ಹೇಗೋ ತಂದು ನಿಲ್ಲಿಸಿದೆ. ಹೆಂಡತಿ ಗಡಿಯಾರ ನೋಡಿದಳು, ಹೊರಡಲಿದ್ದ ಸುಲೇಪೇಟದ ಬಸ್ಸು ನೋಡಿದಳು, ನನ್ನನ್ನು ಮಾತ್ರ ನೋಡಲಿಲ್ಲ. “ನೀವ್ ಗಾಡಿ ಕಾಯ್ಕೋತ ಕುಂದ್ರಿ” ಎಂದು ಬಸ್ಸು ಹತ್ತಿಬಿಟ್ಟಳು.

ಆದರೂ ನನ್ನ ಹಟ ಇಳಿಯಲಿಲ್ಲ. “ಮಿಸ್ತ್ರಿ, ಇದು ಕಿತ್ತು ತಾಂಬ್ರದ್ದು ಹಾಕ್ರಿ. ಸಂಜಿಗಿ ಆಕಿಗಿ ಇದ್ರಾಗೇ ಕರ್ಕೊಂಡ ಬರ್ಬೇಕು” ಎಂದೆ. ಮಿಸ್ತ್ರಿ ಚಾಂದಸಾಬ ಬಾನೆಟ್ ಎತ್ತಿ ಬಗ್ಗಿದ. “ತಾಂಬ್ರ ಕಾವು ಜಲ್ದಿ ಎಳೀತದ, ಖರೆ ಅದರಿ. ಆದ್ರ ವಜ್ಜಾ ಭಾಳ. ಇದು ಹಗೂರ, ಪೈಪು ಅಗಲ, ಕೆಲಸ ಬರೋಬ್ಬರಿ ಮಾಡ್ತದ. ಮುಂದಿಂದ ಗಾಳೀನೇ ಬರ್ಲಿಲ್ಲಂದ್ರ ಸಾಹೇಬ್ರ, ಬಂಗಾರದ್ದು ಹಾಕಿದ್ರೂ ಕುದೀತದ!” ಎಂಜಿನ್ ಆರಿದ ಮೇಲೆ ರೇಡಿಯೇಟರಿನ ಹಿಂದಿನಿಂದ ಗಾಳಿ ಪೈಪು ಹಿಡಿದ. ಮುಂದೆ ಒಣ ಸಿಪ್ಪೆ, ದೂಳಿನ ಕಂದು ಮೋಡವೇ ಎದ್ದಿತು. “ಯಾರ್ದು ರಾಶಿ ಮಾಡಿ ಬಂದೀರಿ?” ಎಂದು ನಕ್ಕ.

ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಎಂಜಿನ್ ಪರೀಕ್ಷೆಗೆಂದು ಶನಿವಾರ ಹೊರಟಿದ್ದಾಗ ಮುದುಕನೊಬ್ಬ ಕಾಳು ಬಿಡಿಸಲು ಉದ್ದಿನ ಬೆಳೆಯನ್ನು ರಸ್ತೆಯ ಮೇಲೆ ಹಾಸಿದ್ದ. ಗಾಲಿ ಹಾಯಿಸಿದೆ. “ಭಾಳ ಚಂದ ಹೊಡೀತೀರಿ ಯಪ್ಪಾ, ಇನ್ನೊಂದ್ ಸುತ್ತು ಹೊಡೀರಿ” ಎಂದ. ನನ್ನ ಡ್ರೈವಿಂಗನ್ನು ಈ ಜನ್ಮದಲ್ಲಿ ಯಾರೂ ಹೊಗಳಿರಲಿಲ್ಲ. ಹನ್ನೊಂದು ಸುತ್ತು ಹೊಡೆದಿದ್ದೆ.

ಎಂಜಿನ್ ಶುರು ಮಾಡಿದೆವು. ಮುಳ್ಳು ನಡುಗೆರೆಯಲ್ಲಿ ಸಾಧುವಾಗಿ ಕುಳಿತಿತು. ಅಷ್ಟರಲ್ಲಿ ಹೆಂಡತಿಯ ಫೋನು: “ಹತ್ತಕ್ಕ ಹತ್ತು ನಿಮಿಷ ಇದ್ದಂಗೇ ಸಹಿ ಮಾಡೀನ್ರಿ. ಗಾಡೀಗಿ ಏನಾಗಿತ್ತು?” ಯಾವುದಾದರೂ ದೊಡ್ಡ ರೋಗ ಹೇಳಿ ಮಾನ ಉಳಿಸಿಕೊಳ್ಳೋಣವೆಂದು ಬಾಯಿ ತೆರೆದೆ. ಚಾಂದಸಾಬ ಪಕ್ಕದಲ್ಲೇ ನಿಂತಿದ್ದ.

“ಹೊಟ್ಟು” ಎಂದೆ. “ಒಂದು ಬೊಗಸೆ ಉದ್ದಿನ ಹೊಟ್ಟು.”