ಏರಿನಲ್ಲಷ್ಟೇ ಬರುವ ಪ್ರೀತಿ

ಕಾಕಾನ ಕರಿ ಕೋಟಿನ ಎಡ ಭುಜದ ಮೇಲೆ ಅಂಗೈ ಅಗಲದಷ್ಟು ಸುಣ್ಣ ಹತ್ತಿರುತ್ತಿತ್ತು. ದಿನವೂ ಅದೇ ಭುಜ, ಅದೇ ಜಾಗ. ಸಂಜೆ ಕಾಕಾ ಅಂಗಡಿಯಿಂದ ಬಂದ ಮೇಲೆ ಚಿಗವ್ವ ಆ ಕೋಟನ್ನು ಗೂಟಕ್ಕೆ ಹಾಕುವ ಮೊದಲು ಕಟ್ಟೆಯ ಮೇಲೆ ನಿಂತು ಪಟಪಟ ಬಡಿಯುತ್ತಿದ್ದಳು. "ಊರಾಗಿನ ಗೋಡಿ ಎಲ್ಲಾ ಇವರ ಆಸರಕ್ಕ ನಿಂತಾವೇನ?" ಎಂದು ಓಣಿಗೆ ಕೇಳುವಂತೆ ಬೈಯುತ್ತಿದ್ದಳು.

ನಮ್ಮ ಕಡೆ ಓಣಿಯಲ್ಲಿ ನಡೆಯುವುದು ಬರೀ ಕಾಲಿನ ಕೆಲಸವಲ್ಲ. ಕಟ್ಟೆಯ ಮೇಲೆ ಕೂತವರು "ಬರ್ರಿ, ಚಾ ಕುಡದು ಹೋಗ್ರಿ" ಎನ್ನಬೇಕು. ಹೋಗುವವರು ನಿಂತು "ಈಗ ಆತ್ರಿ" ಎನ್ನಬೇಕು. ಆಮೇಲೆ ಆ ಮನೆಯ ಜ್ವರ, ಎಮ್ಮೆ, ಬಾಣಂತಿ ಎಲ್ಲವನ್ನೂ ವಿಚಾರಿಸಿಯೇ ಮುಂದೆ ಹೆಜ್ಜೆ ಇಡಬೇಕು. ನನಗೆ ಇದು ಒಗ್ಗಿರಲಿಲ್ಲ. ಧಾರವಾಡದಲ್ಲಿ ಬಿ.ಎ. ಮುಗಿಸಿದ್ದೆ. ಗೋಕಾಕದ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ ಸಿಕ್ಕಿತೆಂದು ಘೋಡಗೇರಿಯ ಮನೆ ಬಿಟ್ಟು ಕಾಕಾನ ಮನೆಯಲ್ಲಿದ್ದೆ. ಹೊಳೆಯ ಕಡೆಯ ನಮ್ಮ ಓಣಿಯಿಂದ ಪೇಟೆಗೆ ಒಂದೇ ಸಮನೆ ಏರು. ಆ ಏರನ್ನು ನಾನು ನೆಲ ನೋಡುತ್ತ, ಎಲ್ಲಿಯೂ ನಿಲ್ಲದೆ ಹತ್ತಿ ಮುಗಿಸುತ್ತಿದ್ದೆ. ನಾನೇನೋ ಕಳೆದುಕೊಂಡಿದ್ದೇನೆಂದು ಮೊದಮೊದಲು ಕೆಲವರು ಜೊತೆಗೆ ಹುಡುಕಲು ಕೂಡ ಬಂದಿದ್ದರು. ಇದು ಕಾಕಾನಿಂದಲೇ ಬಂದ ಗುಣವೆಂದು ಚಿಗವ್ವ ಹೇಳುತ್ತಿದ್ದಳು. ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಕಾಕಾ ಮಾತನ್ನೂ ಗಜದಿಂದ ಅಳೆದು ಕತ್ತರಿಸಿ ಕೊಡುವವರು. ಒಂದು ಬೆರಳು ಹೆಚ್ಚು ಹೋಗುತ್ತಿರಲಿಲ್ಲ.

ಅಂಥವರು ದೀಪಾವಳಿ ಕಳೆದ ಮೇಲೆ ಇದ್ದಕ್ಕಿದ್ದಂತೆ ಬದಲಾದರು. ಮುಂಜಾನೆ ಅಂಗಡಿಗೆ ಹೋಗುವಾಗ ಮನೆ ಮನೆಯ ಮುಂದೆ ನಿಂತು ಕ್ಷೇಮ ಕೇಳತೊಡಗಿದರು. ಯುದ್ಧದ ದಿನಗಳು, ಅರಿವೆ ಸಿಗುವುದೇ ದುರ್ಲಭ. ಅರಿವೆ ಅಂಗಡಿಯವರೇ ಬಂದು ಬಾಗಿಲಲ್ಲಿ ನಿಂತರೆ ಯಾರಿಗೆ ಬೇಡ? ಒಂದು ಮನೆಯಲ್ಲಿ ಚಹಾ, ಇನ್ನೊಂದರಲ್ಲಿ ಕರದಂಟು, ಮತ್ತೊಂದರಲ್ಲಿ ಒಗ್ಗರಣೆ ಅವಲಕ್ಕಿ. ಕಾಕಾನ ಹೊಟ್ಟೆ ಕೋಟಿನ ಗುಂಡಿಗಳ ಮಾತು ಕೇಳದಂತಾಯಿತು. ಇವರು ಮುನಸಿಪಾಲ್ಟಿ ಇಲೆಕ್ಷನ್ನಿಗೆ ನಿಲ್ಲುತ್ತಾರೆಂದು ಊರು ತೀರ್ಮಾನಿಸಿತು. ಚಿಗವ್ವ ಮಾತ್ರ, "ನನ್ನ ಜೋಡಿ ಇಷ್ಟು ವರ್ಷ ಮಾತಾಡದ್ದು ಕೂಡಿಸಿ ಇಟ್ಟಿದ್ರು, ಈಗ ಮಂದಿಗೆ ಹಂಚಾಕತ್ತಾರ" ಎಂದಳು.

ಓಣಿಯ ನಡುವಿನ ಮನೆಯ ಮಲ್ಲವ್ವಜ್ಜಿಗೆ ಮಾತ್ರ ಒಂದು ತಕರಾರು ಇತ್ತು. ಒಂದು ದಿನ ಸಾಲೆಗೆ ಹೊರಟ ನನ್ನನ್ನು ಆಕೆ ಸೆರಗು ಹಿಡಿದೇ ನಿಲ್ಲಿಸಿದಳು.

"ಏನವಾ ಕಾಲೇಜ ಕಲತಾಕಿ, ನಿಮ್ಮ ಕಾಕಾಗ ಏನಾಗೈತಿ? ಮುಂಜಾನೆ ನನ್ನ ಎಮ್ಮಿ ಕರಾನೂ ಬಿಡದಂಗ ಕೇಳತಾನ. ಸಂಜೀಕ ಮನಿಗೆ ಹೊಂಟಾಗ ನಾನ ಕರದ್ರೂ ತಿರುಗಿ ನೋಡಾಂಗಿಲ್ಲ. ಏರಿನ್ಯಾಗ ಇದ್ದ ಪ್ರೀತಿ ಇಳಕಲ್ದಾಗ ಎಲ್ಲಿ ಹೋಗತೈತಿ?"

ನಾನು ನಕ್ಕು ನಡೆದೆ. ಪೇಟೆ ಮುಟ್ಟುವ ಹೊತ್ತಿಗೆ ನಗು ಹೋಗಿತ್ತು.

ಮರುದಿನ ಕಾಕಾನ ಹಿಂದೆಯೇ ಸ್ವಲ್ಪ ದೂರ ಬಿಟ್ಟು ಹೊರಟೆ. ಮಲ್ಲವ್ವಜ್ಜಿಯ ಮನೆಯ ಮುಂದೆ ಅವರು ನಿಂತರು. ಎಮ್ಮೆಯ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಎಡ ಭುಜವನ್ನು ಸುಣ್ಣದ ಗೋಡೆಗೆ ಆನಿಸಿದರು. ಅಜ್ಜಿ ಎಮ್ಮೆಯ ಪುರಾಣ ಬಿಚ್ಚಿದಳು. ಕಾಕಾ ಒಂದು ಅಕ್ಷರವನ್ನೂ ಕೇಳುತ್ತಿರಲಿಲ್ಲ. ಥಂಡಿಯ ಮುಂಜಾನೆಯಲ್ಲಿ ಅವರ ಹಣೆ ಬೆವತಿತ್ತು. ಬಲಗೈ ಎಡ ತೋಳನ್ನು ಮೆಲ್ಲಗೆ ಒತ್ತುತ್ತಿತ್ತು. ಪುರಾಣ ಮುಗಿಯುವಷ್ಟರಲ್ಲಿ ಮುಖಕ್ಕೆ ಬಣ್ಣ ಮರಳಿತು. "ಛಲೋ ಆತು" ಎಂದು ಮುಂದೆ ನಡೆದರು.

ಅಂದು ಸಂಜೆ ಚಿಗವ್ವ ನೀರಿಗೆ ಹೋದಾಗ ಕೇಳಿದೆ: "ಕಾಕಾ, ಏರು ಹತ್ತೂ ಮುಂದ ಎದಿ ನೋಯತೈತೇನ್ರಿ?"

"ನೋವಲ್ಲವಾ, ವಾಯು. ಎದಿ ಮ್ಯಾಲ ಯಾರೋ ಮೂಟಿ ಇಟ್ಟಂಗ ಆಗತೈತಿ. ನಿಂತರ ಹೋಗತೈತಿ."

"ನಿಂತರ ಹೋಗೂದು ಎಂಥಾ ವಾಯುರಿ?"

"ಶ್ಯಾಣ್ಯಾ ವಾಯು. ಹೇಳಿದ ಮಾತ ಕೇಳತೈತಿ. ನಿಮ್ಮ ಚಿಗವ್ವನ ಮುಂದ ಹೇಳಬ್ಯಾಡ, ಆಕೀ ಕೇಳಾಂಗಿಲ್ಲ. ನನ್ನ ಮನ್ಯಾಗ ಕುಂದರಸತಾಳ."

ನಮ್ಮ ಮನೆತನದಲ್ಲಿ ಎದೆ ಎಂಬ ಅವಯವವೇ ಇಲ್ಲ. ಗಂಟಲಿನಿಂದ ಹೊಟ್ಟೆಯವರೆಗೆ ಎಲ್ಲವೂ ವಾಯುವಿನ ಜಹಗೀರು. ನಮ್ಮ ಅಜ್ಜನೂ ಒಂದು ಹಬ್ಬದ ಊಟದ ಮೇಲೆ ತೂಗುಮಂಚದಲ್ಲಿ ಕೂತು, "ವಾಯು ಹಿಡದೈತಿ, ಒಂದೀಟು ಅಜವಾನ ಕೊಡ್ರಿ" ಎಂದಿದ್ದನಂತೆ. ಅಜವಾನ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಆ ಮಾತನ್ನು ಮನೆಯಲ್ಲಿ ಇಂದಿಗೂ ಅಜವಾನ ತಡವಾಯಿತೆಂದೇ ಹೇಳುತ್ತಾರೆ.

ಕಾಕಾನನ್ನು ದವಾಖಾನೆಗೆ ಕರೆದರೆ ಬರುವುದಿಲ್ಲ. ಆದ್ದರಿಂದ ನನಗೇ ಎದೆ ನೋಯುತ್ತದೆ ಎಂದೆ. ಮದುವೆಯಾಗದ ಹುಡುಗಿ ಒಬ್ಬಳೇ ಡಾಕ್ಟರ ಬಳಿ ಹೋದರೆ ಊರು ಏನೆಂದೀತು ಎಂದು ಕಾಕಾ ತಾವೇ ಜೊತೆಗೆ ಹೊರಟರು. ದವಾಖಾನೆ ಪೇಟೆಗಿಂತಲೂ ಮೇಲೆ. ಮೆಟ್ಟಿಲು ಹತ್ತಿದವರೇ ಬಾಗಿಲಲ್ಲಿ ನಿಂತು, ಮಾತಾಡಿಸಲು ಯಾರೂ ಸಿಗದೆ, ಕಂಪೌಂಡರನ ಮನೆಯ ಕ್ಷೇಮ ಕೇಳತೊಡಗಿದರು. ಬೆಳಗಾವಿಯಿಂದ ಬಂದು ನೆಲೆಸಿದ್ದ ಡಾಕ್ಟರು ನನ್ನ ಕಡೆ ನೋಡಲೇ ಇಲ್ಲ. "ನೀವು ಬರ್ರಿ, ಹಿರಿಯಾರ" ಎಂದು ಕಾಕಾನನ್ನು ಒಳಗೆ ಕೂಡಿಸಿದರು.

ಕೊಳವೆ ಹಚ್ಚಿ ನೋಡಿ, ರಕ್ತದ ಒತ್ತಡ ಅಳೆದು, ಅವರು ಹೇಳಿದ್ದು ಇಷ್ಟು: "ಧುಪದಾಳದಿಂದ ಕಾಲುವಿ ಬರತೈತಲ್ರಿ? ಹೂಳು ತುಂಬಿದ್ರ ಕೊನೀ ಹೊಲಕ್ಕ ನೀರು ಸಾಲಾಂಗಿಲ್ಲ. ನಿಮ್ಮ ಎದಿಗೆ ರಕ್ತಾ ಒಯ್ಯೂ ನಾಳ ಹಂಗ ಸಣ್ಣ ಆಗ್ಯಾವ. ಸುಮ್ನ ಕುಂತಾಗ ಸಾಲತೈತಿ. ಏರು ಹತ್ತಿದ್ರ, ಉಂಡು ನಡದ್ರ, ಸಿಟ್ಟಿಗೆದ್ರ ಸಾಲಾಂಗಿಲ್ಲ. ಆಗ ಎದಿ ಹಿಡಕೋತೈತಿ, ತೋಳಿಗೆ, ಗದ್ದಕ್ಕ ಇಳೀತೈತಿ."

"ಹಂಗಾರ ಹೂಳು ತಗೀರಿ."

"ಸಲಿಕಿ ಹಾಕೂ ಜಾಗಾ ಅಲ್ರಿ ಅದು. ಇನ್ನ ಹೆಚ್ಚು ತುಂಬದಂಗ ನೋಡ್ಕೋಬೇಕು. ಚುಟ್ಟಾ ಸೇದೂದು ಬಿಡ್ರಿ. ಊಟ ಹಗುರ ಮಾಡ್ರಿ, ಮೈ ಇಳಸ್ರಿ. ಸಪಾಟ ಜಾಗಾದಾಗ ದಿನಾ ಸಾವಕಾಶ ನಡೀರಿ. ನೋವು ಬಂದ್ರ ನಿಂದ್ರಿ, ಈ ಗುಳಿಗಿ ನಾಲಗಿ ಬುಡಕ ಇಡ್ರಿ. ನಿಂತರೂ ಹೋಗದಿದ್ರ, ಇಲ್ಲಾ ಕುಂತಲ್ಲೇ ಬಂದ್ರ, ಅದನ್ನ ವಾಯು ಅನ್ನಬ್ಯಾಡ್ರಿ. ಅಲ್ಲೇ ಮಲಗಿ ನನಗ ಹೇಳಿ ಕಳಸ್ರಿ."

"ಹಾದ್ಯಾಗ ನಿಂತು ನಿಂತು ಮಂದೀನ ಮಾತಾಡಸೂದು?"

"ಮಂದೀನ ಮಾತಾಡಸಿ ನಿಂತೀರಿ ಅಂತ ಇವತ್ತು ನನ್ನ ಮುಂದ ಅದೀರಿ. ನಿಲ್ಲದ ಏರು ಹತ್ತೂ ಪೈಕಿ ಆಗಿದ್ರ ಇಷ್ಟೊತ್ತಿಗೆ ಬಿದ್ದಿರತಿದ್ರಿ. ನಿಂದ್ರಿ, ಆದ್ರ ನಿಂತಲ್ಲೆಲ್ಲಾ ತಿನ್ನಬ್ಯಾಡ್ರಿ."

ನಿಲ್ಲದೆ ಹತ್ತುವ ಪೈಕಿಯವಳಾದ ನಾನು ನೆಲ ನೋಡಿದೆ.

ಊಟ ಹಗುರ ಮಾಡುವ ಮಾತು ಬಂದ ಮೇಲೆ ಚಿಗವ್ವನಿಂದ ಮುಚ್ಚಿಡುವುದು ಆಗದ ಮಾತು. ತುಪ್ಪದ ಸೌಟು ಅವಳ ಕೈಯಲ್ಲಿದೆ. ಕಾಕಾ ತಾವೇ ಹೇಳಿದರು, ಬಹಳ ಅಳೆದು, ಕತ್ತರಿಸಿ. ಆ ಸಂಜೆ ಚಿಗವ್ವ ಕೋಟು ಬಡಿಯಲಿಲ್ಲ. ಸುಣ್ಣದ ಮೇಲೆ ಒಂದು ಸಲ ಕೈ ಆಡಿಸಿ ಹಾಗೆಯೇ ಗೂಟಕ್ಕೆ ಹಾಕಿದಳು. ಆಮೇಲೆ ಅಡುಗೆಮನೆಯಿಂದ ಅಪ್ಪಣೆ ಬಂತು: ಚುಟ್ಟಾದ ಡಬ್ಬಿ ಒಲೆಗೆ, ಅಂಗಡಿಗೆ ಬೇಕಾದರೆ ಹೋಗಲಿ, ಆದರೆ ಒಬ್ಬರೇ ಅಲ್ಲ. "ನೀನೂ ಆ ಹಾದೀಲೆ ಸಾಲಿಗೆ ಹೋಗತಿ. ನಿಂದರಿಸಿ ನಿಂದರಿಸಿ ಕರಕೊಂಡು ಹೋಗು."

"ಮಂದಿಗೆ ಗೊತ್ತಾಗಬಾರದು ನೋಡು," ಎಂದರು ಕಾಕಾ. "ಎದಿ ಬ್ಯಾನಿ ಅಂದ್ರ ದಿನಾ ಬಂದು ಮುಂದ ಅಳಾಕ ಕುಂದರತಾರ. ಅದಕ್ಕ ಗುಳಿಗಿ ಇಲ್ಲ. ಮಾತು ನೀನ ಆಡು. ನನ್ನವೆಲ್ಲಾ ಮುಗದಾವ."

ಮರುದಿನ ಮುಂಜಾನೆ ಕಾಕಾನ ಜೊತೆ ಏರು ಹತ್ತಿದೆ. ಮಲ್ಲವ್ವಜ್ಜಿಯ ಮನೆಯ ಮುಂದೆ ಅವರ ಹೆಜ್ಜೆ ಸಣ್ಣದಾದದ್ದು ಕಂಡಿತು. ನಿಂತೆ. ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ, "ಆಯಿ, ನಿಮ್ಮ ಎಮ್ಮಿ ಆರಾಮ ಐತೇನ್ರಿ?" ಎಂದೆ.

ಅಜ್ಜಿ ಬಾಯಿಗೆ ಕೈ ಹಚ್ಚಿದಳು. "ಅಯ್ಯ ನನ್ನವ್ವಾ! ನೀನೂ ಇಲೆಕ್ಷನ್ನಿಗೆ ನಿಂತಿಯೇನ?"

ಎಮ್ಮೆಯ ಪುರಾಣ ಮೊದಲಿನಿಂದ ಶುರುವಾಯಿತು. ಕಾಕಾ ಗೋಡೆಗೆ ಆನಿ ನಿಂತು ಮೆಲ್ಲಗೆ ಉಸಿರಾಡುತ್ತಿದ್ದರು. ಅವರೊಬ್ಬರೇ ಆನಿದರೆ ಅನುಮಾನ ಬಂದೀತೆಂದು ನಾನೂ ಪಕ್ಕದಲ್ಲಿ ಆನಿ ನಿಂತೆ. ಸಾಲೆಯಲ್ಲಿ ನಾನು ಹಲಗೆಯ ಕಡೆ ತಿರುಗಿದಾಗ ಹುಡುಗಿಯರು ಕಿಸಕ್ಕನೆ ನಕ್ಕರು. ಭುಜ ಮುಟ್ಟಿ ನೋಡಿಕೊಂಡೆ. ಅಂಗೈ ಅಗಲ ಸುಣ್ಣ.