ದೊಡ್ಡಕ್ಕ ಬ್ಯಾಂಕು ಸೇರಿದ್ದು

ಫೋಟೋ ತೆಗೆಸಿಕೊಂಡದ್ದೇ ತಪ್ಪಾಯಿತು.

ಪರದೇಶದಲ್ಲಿ ಮನೆಗೆಲಸಕ್ಕಿರುವ ಹೆಂಗಸರಿಗೆ ಹಣ ಉಳಿಸುವುದನ್ನು ಕಲಿಸುವ ತರಗತಿಯೊಂದು ವಾರದ ರಜೆಯ ದಿನ ನಡೆಯುತ್ತಿತ್ತು. ದೊಡ್ಡಕ್ಕ ನಾಲ್ಕು ವಾರ ತಪ್ಪದೆ ಹೋದಳು. ಎಂಟು ವರ್ಷ ದುಡಿದರೂ ಕೈಯಲ್ಲಿ ಉಳಿದದ್ದು ಪಾತ್ರೆ ತಿಕ್ಕಿದ ಗೀರು ಮಾತ್ರ. ಇನ್ನಾದರೂ ತಿಂಗಳಿಗಿಷ್ಟು ಎಂದು ತನ್ನ ಹೆಸರಿನಲ್ಲಿ ಇಡಬೇಕೆಂದು ಹಟ ತೊಟ್ಟಿದ್ದಳು. ಕೊನೆಯ ದಿನ ಬೆಳಿಗ್ಗೆ ಟೀಚರಮ್ಮ ಪ್ರಮಾಣಪತ್ರ ಕೊಟ್ಟರು. ಕರೆದೊಯ್ಯಲು ಬಂದಿದ್ದ ಯಜಮಾನಿಯ ಡ್ರೈವರ್ ದೊಡ್ಡಕ್ಕನ ಊರಿನವನೇ. ಬೇಡವೆಂದರೂ ಕೇಳದೆ, ಎದುರಿಗಿದ್ದ ಬ್ಯಾಂಕಿನ ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿ ಫೋಟೋ ಹೊಡೆದು ಊರಲ್ಲಿದ್ದ ಅವಳ ತಮ್ಮನಿಗೆ ಕಳಿಸಿಬಿಟ್ಟ.

ಕಾರು ಮನೆ ಸೇರುವಷ್ಟರಲ್ಲಿ, ದೊಡ್ಡಕ್ಕನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತೆಂದು ಊರೆಲ್ಲ ಸುದ್ದಿ.

ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಮಷೀನಿನ ಪಕ್ಕ ಅವಳ ಕೋಣೆ. ರಜೆಯಾದರೂ ಯಜಮಾನಿ ಇಟ್ಟುಹೋಗಿದ್ದ ಹದಿನಾಲ್ಕು ಅಂಗಿಗಳಿಗೆ ಇಸ್ತ್ರಿ ಹಾಕುತ್ತಾ ಫೋನ್ ಎತ್ತಿ ಎತ್ತಿ ಅವಳಿಗೆ ಸಾಕುಬೇಕಾಯಿತು. ನಾದಿನಿಗೆ ಬ್ಯೂಟಿ ಪಾರ್ಲರ್ ಇಡಲು ಸಾಲ ಬೇಕಿತ್ತು. ಚಿಕ್ಕಪ್ಪನಿಗೆ ಬಡ್ಡಿಯಿಲ್ಲದ ಸಾಲ ಬೇಕಿತ್ತು. ಅತ್ತೆ ಮಾತ್ರ ಸಾಲ ಕೇಳಲಿಲ್ಲ, ಎಷ್ಟು ಕೊಡಬೇಕೋ ನೀನೇ ನೋಡಿ ಹಾಕು ಎಂದರು. ಅದು ಬ್ಯಾಂಕಲ್ಲ, ಬರೀ ತರಗತಿ ಎಂದು ಬಿಡಿಸಿ ಹೇಳಿದಷ್ಟೂ ದೊಡ್ಡಕ್ಕನಿಗೆ ಜಂಬ ಬಂತು ಎಂಬ ಹೊಸ ಸುದ್ದಿ ಹುಟ್ಟಿತು. ತಮ್ಮನಂತೂ ಗೂಡ್ಸ್ ಆಟೊಗೆ ಮುಂಗಡ ಮಾತಾಡಿಯೇ ಬಂದಿದ್ದ. ಅದನ್ನು ಕೇಳುವ ಹೊತ್ತಿಗೆ ಒಂದು ಅಂಗಿಯ ಕಾಲರ್ ಸುಟ್ಟುಹೋಯಿತು.

ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಡ್ರೈವರ್ ಉಪಾಯ ಹೇಳಿದ.

"ಇರೋ ಮನೆಕೆಲಸವೂ ಹೋಯ್ತು ಅಂತ ಹೇಳ್ಬಿಡಿ ಅಕ್ಕಾ. ಬತ್ತಿದ ಬಾವಿಗೆ ಯಾರು ಕೊಡ ತರ್ತಾರೆ?"

ದೊಡ್ಡಕ್ಕನಿಗೆ ಸುಳ್ಳು ಒಗ್ಗದು. ಆದರೆ ತಮ್ಮನ ಏಳನೆಯ ಕರೆ ಬಂದಾಗ ಅವಳ ತಾಳ್ಮೆ ಕೆಟ್ಟಿತ್ತು.

"ಬ್ಯಾಂಕೂ ಇಲ್ಲ, ಈ ಮನೆಕೆಲಸವೂ ಹೋಯ್ತು ಕಣೋ. ಹೊರಡು ಅಂದ್ರು," ಎಂದು ಫೋನ್ ಇಟ್ಟುಬಿಟ್ಟಳು.

ಆಮೇಲೆ ಒಂದು ಕರೆಯೂ ಇಲ್ಲ. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಈ ಮನೆಗೆ ಬಂದಮೇಲೆ ಮೊದಲ ಸಲ ದೊಡ್ಡಕ್ಕ ಚಹಾವನ್ನು ಬಿಸಿಯಿರುವಾಗಲೇ ಕೂತು ಕುಡಿದಳು.

ನಾಲ್ಕು ಗಂಟೆಗೆ ಯಜಮಾನಿ ನಡುಮನೆಗೆ ಕರೆದರು. ಪಕ್ಕದಲ್ಲಿ ಡ್ರೈವರ್ ನೆಲ ನೋಡುತ್ತಾ ನಿಂತಿದ್ದ. ಆಪತ್ತಿಗಿರಲಿ ಎಂದು ಊರಿಗೆ ಕೊಟ್ಟಿದ್ದ ಯಜಮಾನಿಯ ನಂಬರಿಗೆ ತಮ್ಮ ಫೋನ್ ಮಾಡಿದ್ದನಂತೆ. ಅವನ ಮಾತನ್ನು ಯಜಮಾನಿಗೆ ಅವರ ಭಾಷೆಯಲ್ಲಿ ತಿಳಿಸಿ ಹೇಳಿದ್ದು ಡ್ರೈವರ್.

"ಪಾಪ, ತುಂಬಾ ಅತ್ತ. ನಿನ್ನನ್ನ ತೆಗೆಯೋ ಯೋಚನೆ ನನಗಿರಲೇ ಇಲ್ಲ. ಆದ್ರೆ ಅವನು ಅಷ್ಟೊಂದು ಬೇಡ್ಕೊಂಡ ಮೇಲೆ ನನಗೂ ಮನಸ್ಸು ಕರಗ್ತು, ಒಪ್ಕೊಂಡೆ," ಎಂದರು ಯಜಮಾನಿ.

ಒಪ್ಪಿಕೊಂಡದ್ದು ಏನನ್ನು ಎಂದು ದೊಡ್ಡಕ್ಕ ಕೇಳುವ ಮೊದಲೇ ಅವರು ಒಳಗೆ ಹೋದರು. ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ತಮ್ಮನ ದನಿಯಲ್ಲಿ ಯುದ್ಧ ಗೆದ್ದು ಬಂದವನ ಗತ್ತು.

"ಹೆದರ್ಬೇಡ ಅಕ್ಕಾ, ನಿನ್ನ ಕೆಲಸ ಉಳಿಸಿದೀನಿ. ಬೇಕಾದ್ರೆ ಸಂಬಳ ಕಮ್ಮಿ ಮಾಡ್ಕೊಳ್ಳಿ ಅಂದೆ. ಆಯಮ್ಮ ಅರ್ಧ ಕಡೀತೀನಿ ಅಂದ್ರು. ನಾನು ಬಿಡ್ತೀನಾ? ಚೌಕಾಸಿ ಮಾಡಿ ಕಾಲು ಭಾಗ ಮಾತ್ರ ಕಡಿಯೋಕೆ ಒಪ್ಪಿಸ್ದೆ. ಲೆಕ್ಕ ಹಾಕಿ ನೋಡು, ಒಂದೇ ಫೋನಲ್ಲಿ ನಿಂಗೆ ಕಾಲು ಸಂಬಳ ಉಳಿತಾಯ."